ಒಂದು ಫೋನು, ಒಂದು ಟಿವಿ, ಕ್ಲಾಸಿನ ತುಂಬ ಮಕ್ಕಳು: ಸಣ್ಣ ತರಗತಿಯಲ್ಲಿ ಬರವಣಿಗೆ ಶುರು ಮಾಡಿಸುವ ಸಮಗ್ರ ಮಾರ್ಗದರ್ಶಿ

"ಬರೀರಿ" ಅಂದ ತಕ್ಷಣ ಕ್ಲಾಸಿನಲ್ಲಿ ಎರಡು ಸದ್ದು ಕೇಳುತ್ತವೆ. ಒಂದು ಪೆನ್ಸಿಲ್ ಚೂಪು ಮಾಡುವ ಸದ್ದು. ಇನ್ನೊಂದು, "ಏನ್ ಬರೀಲ್ರಿ ಸರ?"

ಅದೇ ಹುಡುಗ ಬಿಸಿಯೂಟದ ಸಾಲಿನಲ್ಲಿ ನಿಂತು ಶರಣಬಸವೇಶ್ವರ ಜಾತ್ರೆಯ ಕಥೆಯನ್ನು ಉಸಿರು ಬಿಡದೆ ಹೇಳುತ್ತಾನೆ. ತೇರು ಎಲ್ಲಿ ನಿಂತಿತು, ಯಾರ ಚಪ್ಪಲಿ ಕಳೆಯಿತು, ತಂಗಿ ಯಾವ ಆಟಿಕೆಗೆ ಹಟ ಹಿಡಿದಳು, ಎಲ್ಲವೂ ಬರುತ್ತೆ. ಅವನಿಗೆ ಹೇಳೋಕೆ ಬೇಕಾದಷ್ಟಿದೆ. ಹಾಳೆ ಮುಂದೆ ಕೂತಾಗ ಮಾತ್ರ ಅದು ಎಲ್ಲೋ ಹೋಗಿಬಿಡುತ್ತೆ. ನಾಲಿಗೆ ಮೇಲಿರುವುದನ್ನು ಪೆನ್ಸಿಲ್‌ವರೆಗೆ ತರೋಕೆ ಫೋನು, ಟಿವಿ ಒಳ್ಳೆ ಸಹಾಯ ಮಾಡುತ್ತವೆ. ಆದರೆ ಅವು ಪೆನ್ಸಿಲ್‌ನ ಮೊದಲು ಮತ್ತು ಆಮೇಲೆ ಬರಬೇಕು, ಪೆನ್ಸಿಲ್‌ನ ಬದಲಿಗೆ ಬರಬಾರದು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಇದು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳಲ್ಲಿ 2ರಿಂದ 5ನೇ ತರಗತಿಗೆ ಪಾಠ ಮಾಡುವವರಿಗೆ. ನಿಮ್ಮ ಹತ್ತಿರ ಒಂದು ಆಂಡ್ರಾಯ್ಡ್ ಫೋನು ಇದ್ದರೆ ಸಾಕು. ಸ್ಮಾರ್ಟ್ ಟಿವಿ ಅಥವಾ ಪ್ರೊಜೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು. ಟ್ಯಾಬ್ ಬರಲಿ, ಲ್ಯಾಬ್ ಆಗಲಿ ಅಂತ ಕಾಯಬೇಡಿ.

ಹಂತ 1: ಹಿಂದಿನ ರಾತ್ರಿ ಮಾಡಿಕೊಳ್ಳುವ ತಯಾರಿ

ಫೋನಿನಲ್ಲಿ ಜಿಬೋರ್ಡ್, ಅಂದರೆ ಗೂಗಲ್‌ನ ಕೀಲಿಮಣೆ ಆ್ಯಪ್‌ಗೆ ಕನ್ನಡ ಸೇರಿಸಿ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳು ಅಂತ ಇರುತ್ತದೆ. ಅಲ್ಲಿ ಕನ್ನಡ ಆರಿಸಿದರೆ ಸಾಮಾನ್ಯ ಕೀಲಿಮಣೆ ಮತ್ತು ಬೆರಳಿನಿಂದ ಬರೆಯುವ ಕೈಬರಹದ ಕೀಲಿಮಣೆ ಎರಡೂ ಸಿಗುತ್ತವೆ. ಎರಡನ್ನೂ ಹಾಕಿಕೊಳ್ಳಿ. ದನಿ ದಾಖಲಿಸುವ ಆ್ಯಪ್ ಹೆಚ್ಚಿನ ಫೋನುಗಳಲ್ಲಿ ಮೊದಲೇ ಇರುತ್ತೆ.

ಫುಲ್ ಚಾರ್ಜ್ ಮಾಡಿಕೊಂಡು ಬನ್ನಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕೆ ಬರಲ್ಲ. ತೋರಿಸಬೇಕಾದ ಚಿತ್ರಗಳನ್ನೆಲ್ಲ ಫೋನಿಗೆ ಇಳಿಸಿಟ್ಟುಕೊಳ್ಳಿ. ತಾಂಡಾದ ಶಾಲೆಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ಕಿಟಕಿ ಹತ್ತಿರ ಫೋನ್ ಎತ್ತಿ ಹಿಡಿದು ನಿಂತರೆ ಆ ಪೀರಿಯಡ್ ಹೋದಂತೆಯೇ.

ಟಿವಿಗೆ ಪೆನ್‌ಡ್ರೈವ್ ಹಾಕುವುದಾದರೆ ಮೂರು ವಿಷಯ ನೆನಪಿಡಿ. ಪೆನ್‌ಡ್ರೈವ್ ಅನ್ನು ಫ್ಯಾಟ್ 32 ರೂಪದಲ್ಲಿ ಫಾರ್ಮ್ಯಾಟ್ ಮಾಡಿ. ಬೇರೆ ರೂಪದಲ್ಲಿದ್ದರೆ ಎಷ್ಟೋ ಟಿವಿಗಳು ಓದುವುದೇ ಇಲ್ಲ. ಕನ್ನಡ ಬರಹ ತೋರಿಸಬೇಕಿದ್ದರೆ ಅದನ್ನು ಚಿತ್ರವಾಗಿ, ಅಂದರೆ ಜೆಪಿಜಿಯಾಗಿ ಉಳಿಸಿ. ಇಲ್ಲದಿದ್ದರೆ ಒತ್ತಕ್ಷರ ಒಡೆದು ಬರೀ ಚೌಕಗಳು ಕಾಣಬಹುದು. ಫೈಲಿನ ಹೆಸರು 01, 02 ಅಂತ ಇರಲಿ, ಅದೇ ಸಾಲಿನಲ್ಲಿ ಬರುತ್ತವೆ.

ಕ್ಲಾಸಿಗೆ ಹೋಗುವಾಗ ಡೂ ನಾಟ್ ಡಿಸ್ಟರ್ಬ್ ಹಾಕಿ. ಟಿವಿಗೆ ಫೋನ್ ಜೋಡಿಸಿದಾಗ ಮನೆಯಿಂದ ಬಂದ ವಾಟ್ಸಾಪ್ ಸಂದೇಶವನ್ನು ಇಡೀ ಕ್ಲಾಸು ಸೇರಿ ಓದುವುದು ಬೇಡ ಅಲ್ವಾ?

ಹಂತ 2: ಚಿತ್ರದ ಒಂದು ತುಂಡು ಮಾತ್ರ ತೋರಿಸಿ

"ನನ್ನ ಶಾಲೆ", "ಹಸು", "ದೀಪಾವಳಿ" ಅಂತ ವಿಷಯ ಕೊಟ್ಟರೆ ಎಲ್ಲರ ಹಾಳೆಯಲ್ಲೂ ಒಂದೇ ಸಾಲು ಬರುತ್ತದೆ. ಹಸು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲು. ಯಾಕೆಂದರೆ ಅಲ್ಲಿ ಮಗು ಕಂಡುಹಿಡಿಯೋಕೆ ಏನೂ ಉಳಿದಿಲ್ಲ.

ಹೀಗೆ ಮಾಡಿ ನೋಡಿ. ಊರಿನದೇ ಒಂದು ವಸ್ತುವಿನ ಫೋಟೊ ತೆಗೆಯಿರಿ. ಅದನ್ನು ಎಷ್ಟು ಹಿಗ್ಗಿಸಬೇಕೆಂದರೆ ಟಿವಿ ತುಂಬ ಒಂದು ಮೂಲೆ ಮಾತ್ರ ಕಾಣಬೇಕು. ಬೀದರ್ ಮಕ್ಕಳಿಗೆ ಬಿದರಿ ಹೂಜಿ ಒಳ್ಳೆ ಆಯ್ಕೆ. ಮೊದಲ ಚಿತ್ರದಲ್ಲಿ ಬರೀ ಕಪ್ಪು, ಅದರ ಮೇಲೆ ಬೆಳ್ಳಿಯ ಎರಡು ಗೆರೆ. "ಇದೇನು?" ಅಂತ ಕೇಳಿ ಸುಮ್ನಿರಿ. ರಾತ್ರಿ ಅನ್ನುತ್ತಾರೆ, ಹಾವು ಅನ್ನುತ್ತಾರೆ, ರೈಲು ಹಳಿ ಅನ್ನುತ್ತಾರೆ. ಪ್ರತಿ ಮಗು ತನ್ನ ಊಹೆಯನ್ನು ಒಂದೇ ಸಾಲಿನಲ್ಲಿ ಬರೆಯಲಿ. "ಇದು ______, ಯಾಕಂದ್ರೆ ______." ಆಮೇಲೆ ಸ್ವಲ್ಪ ಹಿಂದಕ್ಕೆ ಸರಿಸಿ. ಈಗ ಹೂವಿನ ಬಳ್ಳಿ ಕಾಣುತ್ತೆ. ಇನ್ನೊಂದು ಸಾಲು. ಕೊನೆಗೆ ಪೂರ್ತಿ ಹೂಜಿ. ಮೂರು ಸಾಲು ಬರೆದಾಯಿತು, ಯಾರೂ "ಏನ್ ಬರೀಲಿ" ಅಂತ ಕೇಳಲಿಲ್ಲ. ಆಗ ಹೇಳಿ: ಇದು ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದದ್ದು, ಗೆರೆಗಳು ಬೆಳ್ಳಿಯವು, ಈ ಕಪ್ಪು ಬಣ್ಣ ಬರೋಕೆ ನಮ್ಮ ಬೀದರ್ ಕೋಟೆಯ ಮಣ್ಣನ್ನೇ ಬಳಸುತ್ತಾರೆ. ಮಣ್ಣಿನಿಂದ ಬಣ್ಣ ಅಂದ ತಕ್ಷಣ ಪ್ರಶ್ನೆ ಶುರುವಾಗುತ್ತವೆ. ಆ ಪ್ರಶ್ನೆಗಳನ್ನೂ ಬರೆಸಿ, ಉತ್ತರಕ್ಕಿಂತ ಪ್ರಶ್ನೆ ಬರೆಯುವುದು ಸಣ್ಣವರಿಗೆ ಸುಲಭ.

ಯಾದಗಿರಿ ಜಿಲ್ಲೆಯವರಿಗೆ ಶಹಾಪುರದ ಬೆಟ್ಟಸಾಲು ಇದೆ. ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತೆ. ಚಿತ್ರವನ್ನು ತಲೆಕೆಳಗೆ ಮಾಡಿ ತೋರಿಸಿ, ಏನು ಕಾಣುತ್ತೆ ಬರೆಯಿರಿ ಅನ್ನಿ. ಬೀದರ್ ಹತ್ತಿರದ ನೌಬಾದಿನಲ್ಲಿ ನೆಲದೊಳಗೆ ನೀರು ಹರಿಸುತ್ತಿದ್ದ ಹಳೆಯ ಸುರಂಗ ಬಾವಿ ಇದೆ. ಅದರ ಬಾಯಿಯನ್ನು ಮೇಲಿನಿಂದ ತೆಗೆದ ಒಂದು ಫೋಟೊ ತೋರಿಸಿ "ಒಳಗೆ ಏನಿರಬಹುದು?" ಅಂತ ಕೇಳಿದರೆ ಸಾಕು, ದೆವ್ವ ಬಂದೇ ಬರುತ್ತೆ. ಬರಲಿ ಬಿಡಿ.

ಇನ್ನೂ ವಾಕ್ಯ ಬರೆಯೋಕೆ ಬಾರದ ಮಕ್ಕಳಿಗೆ ಚಿತ್ರದ ಕೆಳಗೆ ಹೆಸರು ಬರೆಯುವುದೇ ಪಾಠ. ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಿದೆ. ಆ ಶಿಲ್ಪಕ್ಕೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರು ಕೆತ್ತಿದ್ದಾರೆ. ಎರಡೇ ಪದ, ಸುಮಾರು ಎರಡು ಸಾವಿರ ವರ್ಷ ಆದರೂ ಅದು ಯಾರು ಅಂತ ಗೊತ್ತಾಗುತ್ತೆ. ಆ ಫೋಟೊ ತೋರಿಸಿ. ಆಮೇಲೆ ಮಕ್ಕಳ ಮನೆಯ ಎಮ್ಮೆ, ರೊಟ್ಟಿ ತಟ್ಟುತ್ತಿರುವ ಅಜ್ಜಿಯ ಕೈ, ಶಾಲೆಯ ಗೇಟು ಇವುಗಳ ಫೋಟೊಕ್ಕೆ ಎರಡೆರಡು ಪದದ ಹೆಸರು ಬರೆಸಿ.

ಹಂತ 3: ಬರೆಯುವ ಮೊದಲು ಮಾತು, ಮಾತಿಗೆ ರೆಕಾರ್ಡಿಂಗ್

ಮಕ್ಕಳನ್ನು ಜೋಡಿ ಮಾಡಿ. ಒಬ್ಬರಿಗೊಬ್ಬರು ಚಿತ್ರದ ಬಗ್ಗೆ ಹೇಳಲಿ. ನೀವು ಓಡಾಡುತ್ತಾ ಮೂರ್ನಾಲ್ಕು ಜೋಡಿಗಳ ಮಾತನ್ನು ಅರ್ಧ ನಿಮಿಷದಂತೆ ದಾಖಲಿಸಿಕೊಳ್ಳಿ. ಆಮೇಲೆ ಎಲ್ಲರಿಗೂ ಕೇಳಿಸಿ. ತಮ್ಮ ದನಿ ಸ್ಪೀಕರಿನಲ್ಲಿ ಬಂದಾಗ ಮಕ್ಕಳು ನಾಚಿ ಡೆಸ್ಕ್ ಕೆಳಗೆ ಹೋಗುತ್ತಾರೆ, ಮತ್ತೆ "ಇನ್ನೊಂದ್ಸಲ ಹಾಕ್ರಿ" ಅನ್ನುತ್ತಾರೆ. ಹಾಕಿ. ಎರಡನೇ ಸಲ ಒಂದು ವಾಕ್ಯ ಆದ ಮೇಲೆ ನಿಲ್ಲಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಇದು ಉಕ್ತಲೇಖನವೇ. ಒಂದೇ ವ್ಯತ್ಯಾಸ, ಹೇಳಿಕೊಡುವುದು ಮೇಷ್ಟ್ರಲ್ಲ, ಪಕ್ಕದ ಬೆಂಚಿನ ಗೆಳತಿ.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತೆ. ಹುಡುಗಿ "ನಮ್ಮವ್ವ ಹೊಲಕ್ಕ ಹೋಗ್ಯಾಳ್ರಿ" ಅಂತ ಹೇಳಿದಳು, ಹಾಗೇ ಬರೆದಳು. ತಿದ್ದಬೇಕಾ? ಮೊದಲ ಬರಹದಲ್ಲಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪುಸ್ತಕದ "ಹೋಗಿದ್ದಾಳೆ" ಅವಳಿಗೆ ಓದಿ ಓದಿ ಬರುತ್ತೆ. ಆದರೆ ಮನೆಯ ಮಾತು ತಪ್ಪು ಅಂತ ಒಮ್ಮೆ ಅನ್ನಿಸಿಬಿಟ್ಟರೆ ಅವಳು ಬರೆಯುವುದನ್ನೇ ನಿಲ್ಲಿಸುತ್ತಾಳೆ. ನಾಲ್ಕು, ಐದನೇ ತರಗತಿಗೆ ಬಂದಾಗ ಎರಡನ್ನೂ ಪಕ್ಕಪಕ್ಕ ಬರೆಸಿ. ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ.

ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಅಥವಾ ತೆಲುಗು ಮಾತಾಡುವ ಮಕ್ಕಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಜಾಸ್ತಿ. ಅವರು ಮೊದಲು ತಮ್ಮ ಮಾತಿನಲ್ಲೇ ಕಥೆ ಹೇಳಿ ರೆಕಾರ್ಡ್ ಮಾಡಲಿ. ಆಮೇಲೆ ಅದನ್ನೇ ಕೇಳುತ್ತಾ, ಗೆಳೆಯನ ಸಹಾಯದಿಂದ ಕನ್ನಡದಲ್ಲಿ ಬರೆಯಲಿ. ಕನ್ನಡ ಪದ ಸಿಗದ ಕಡೆ ಮನೆಯ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು. ಇಂಥ ಮಗು ಕ್ಲಾಸಿನಲ್ಲಿ ಬಾಯಿ ಬಿಡದೆ ಕೂತಿದ್ದರೆ ಅದಕ್ಕೆ ಕಥೆ ಗೊತ್ತಿಲ್ಲ ಅಂತಲ್ಲ.

ಹಂತ 4: ಫೋನಿನ ತಪ್ಪನ್ನು ಮಕ್ಕಳು ತಿದ್ದಲಿ

ನನಗೆ ಅತಿ ಇಷ್ಟದ ಚಟುವಟಿಕೆ ಇದು. ಇದಕ್ಕೆ ಇಂಟರ್ನೆಟ್ ಬೇಕಾಗುತ್ತೆ, ಫೋನಿನ ಡೇಟಾ ಆನ್ ಮಾಡಿಕೊಳ್ಳಿ.

ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲಿ ಮಕ್ಕಳು ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ಈ ಐದರಲ್ಲಿ "ಅರಸ" ಬರೆಯಬಹುದು, "ಗರಗಸ" ಬರೆಯಬಹುದು, "ಅವ್ವ" ಬರೆಯೋಕೆ ಆಗಲ್ಲ. ಹೇಳಬೇಕು ಅನ್ನಿಸುವುದಕ್ಕೂ ಬರೆಯೋಕೆ ಬರುವುದಕ್ಕೂ ಇರುವ ಈ ಅಂತರದಲ್ಲೇ ಮಕ್ಕಳಿಗೆ ಬೇಜಾರು ಹತ್ತುವುದು. ಮೈಕಿನ ಗುಂಡಿ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಜಿಬೋರ್ಡ್ ಅದನ್ನು ಅಕ್ಷರ ಮಾಡುತ್ತೆ. ತಾನು ಹೇಳಿದ್ದು ಟಿವಿ ಮೇಲೆ ಅಕ್ಷರವಾಗಿ ಮೂಡುವುದನ್ನು ನೋಡಿದಾಗ ಎರಡನೇ ತರಗತಿಯ ಮಗುವಿಗೂ ಬರಹ ಅಂದರೇನು ಅಂತ ಹೊಳೆಯುತ್ತೆ.

ಆದರೆ ಅಸಲಿ ಪಾಠ ಇರುವುದು ಅದು ತಪ್ಪು ಮಾಡಿದಾಗ. ಮಕ್ಕಳ ಸಣ್ಣ ದನಿ, ನಮ್ಮ ಕಡೆಯ ಮಾತು, ಕ್ಲಾಸಿನ ಗದ್ದಲ ಮೂರೂ ಸೇರಿದರೆ ಫೋನು ತಬ್ಬಿಬ್ಬಾಗುತ್ತೆ. ಹೊಲ ಅಂದರೆ ಹೊಳೆ, "ಹೋಗ್ಯಾಳ್ರಿ" ಅಂದರೆ "ಹೋಗಿ ಆಳ್ರಿ" ಅಂತೇನೋ ಬರಬಹುದು. ಪೂರ್ಣವಿರಾಮವಂತೂ ಸಾಮಾನ್ಯವಾಗಿ ಬರುವುದೇ ಇಲ್ಲ, ಎಲ್ಲ ಒಂದೇ ಉದ್ದ ಸಾಲು. ನೀವು ತಿದ್ದಬೇಡಿ. "ಫೋನಿಗೆ ಕನ್ನಡ ಸರಿಯಾಗಿ ಬರಲ್ಲ, ಅದಕ್ಕೆ ಯಾರು ಕಲಿಸ್ತೀರಿ?" ಅನ್ನಿ. ಅಷ್ಟೂ ಕೈ ಮೇಲೇಳುತ್ತವೆ.

ಒಬ್ಬರು ಬಂದು ಲ ಮತ್ತು ಳ ಬೇರೆ ಅಂತ ತೋರಿಸಲಿ. ಇನ್ನೊಬ್ಬರು ಸಾಲನ್ನು ಗಟ್ಟಿಯಾಗಿ ಓದಿ, ಉಸಿರು ತೆಗೆದುಕೊಂಡ ಕಡೆ ಪೂರ್ಣವಿರಾಮ ಇಡಲಿ. ಆಮೇಲೆ ಟಿವಿ ಆಫ್ ಮಾಡಿ. ಸರಿಯಾದ ಸಾಲುಗಳನ್ನು ಎಲ್ಲರೂ ತಮ್ಮ ಹಾಳೆಯಲ್ಲಿ ಬರೆದು, ಮುಂದೆ ಏನಾಯಿತು ಅಂತ ತಾವೇ ಎರಡು ಸಾಲು ಸೇರಿಸಲಿ. ಟಿವಿ ಆನ್ ಇದ್ದರೆ ನಕಲು ಮಾಡುತ್ತಾರೆ, ಆಫ್ ಮಾಡಿದರೆ ನೆನಪಿನಿಂದ ಬರೆಯುತ್ತಾರೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಕೈಬರಹದ ಕೀಲಿಮಣೆಯನ್ನೂ ಆಟದಂತೆ ಬಳಸಿ. ಮಗು ಬೆರಳಿನಿಂದ ಬ ಬರೆಯಿತು, ಫೋನು ಖ ಅಂತ ಓದಿತು. ಆಗ ಅಕ್ಷರ ದುಂಡಗೆ ಇರಬೇಕು ಅಂತ ನೀವು ಹೇಳುವ ಅಗತ್ಯವೇ ಬೀಳಲ್ಲ.

ಹಂತ 5: ಈಗ ಪೆನ್ಸಿಲ್, ಫೋನ್ ಚೀಲದೊಳಗೆ

ಹತ್ತು ಹದಿನೈದು ನಿಮಿಷ ಸಾಕು. ಟಿವಿಯಲ್ಲಿ ಕೌಂಟ್‌ಡೌನ್ ಗಡಿಯಾರ ಹಾಕಬೇಡಿ, ಮಕ್ಕಳು ಅದನ್ನೇ ನೋಡುತ್ತಾ ಕೂರುತ್ತಾರೆ. ಕಾಗುಣಿತ ಕೇಳಿದರೆ "ನಿನಗೆ ಹೇಗೆ ಕೇಳಿಸುತ್ತೋ ಹಾಗೆ ಬರಿ, ಆಮೇಲೆ ನೋಡೋಣ" ಅನ್ನಿ. ಸಾಧ್ಯವಾದರೆ ನೀವೂ ಒಂದು ಹಾಳೆ ಹಿಡಿದು ಕೂತು ಬರೆಯಿರಿ.

ಹಂತ 6: ಬರೆದದ್ದನ್ನು ಟಿವಿ ಮೇಲೆ ಓದುವುದು

ಕೆಂಪು ಪೆನ್ನಿನ ಜಾಗಕ್ಕೆ ಇದು ಬರಬೇಕು. ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಸ್ಕೇಲು ಅಡ್ಡ ಇಟ್ಟು, ಅದರ ಮೇಲೆ ಫೋನ್ ಮಲಗಿಸಿ. ಕ್ಯಾಮೆರಾ ಕೆಳಗೆ ನೋಡಬೇಕು. ಫೋನನ್ನು ಟಿವಿಗೆ ಕಾಸ್ಟ್ ಮಾಡಿ, ಅಂದರೆ ಫೋನಿನ ಪರದೆ ಟಿವಿಯಲ್ಲಿ ಕಾಣುವಂತೆ ಜೋಡಿಸಿ. ಕೆಳಗೆ ಇಟ್ಟ ಹಾಳೆ ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತೆ. ಸಾವಿರಾರು ರೂಪಾಯಿಯ ಡಾಕ್ಯುಮೆಂಟ್ ಕ್ಯಾಮೆರಾ ಮಾಡುವ ಕೆಲಸವೂ ಇದೇ. ಕಾಸ್ಟ್ ಆಗದ ಟಿವಿ ಇದ್ದರೆ ಹಾಳೆಯ ಫೋಟೊ ತೆಗೆದು ಪೆನ್‌ಡ್ರೈವಿನಲ್ಲಿ ಮರುದಿನ ತೋರಿಸಿ.

ಮೊದಲು ಮಗುವಿನ ಒಪ್ಪಿಗೆ ಕೇಳಿ. ಹೆಸರಿನ ಮೇಲೆ ಒಂದು ಕಾಗದದ ಚೂರು ಇಡಿ. ಬರೆದವರು ಬಯಸಿದರೆ ಕೊನೆಯಲ್ಲಿ ಕೈ ಎತ್ತಬಹುದು. ಇಡೀ ಕ್ಲಾಸು ಒಟ್ಟಿಗೆ ಓದಲಿ. ಆಮೇಲೆ ಎರಡೇ ಪ್ರಶ್ನೆ. ಇದರಲ್ಲಿ ಯಾವ ಸಾಲು ನಿಮಗೆ ಇಷ್ಟ ಆಯಿತು? ಬರೆದವರಿಂದ ಇನ್ನೇನು ತಿಳಿಯಬೇಕು ಅನ್ನಿಸುತ್ತೆ?

ಎರಡನೇ ಪ್ರಶ್ನೆಯಿಂದಲೇ ಬರಹ ಬೆಳೆಯುವುದು. "ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಊಟ ಮಾಡಿದೆವು. ಬಂದೆವು." ಅಂತ ಒಂದು ಹಾಳೆ ಇದೆ ಅಂದುಕೊಳ್ಳಿ. ಮೇಷ್ಟ್ರು ಕೆಂಪು ಪೆನ್ನಲ್ಲಿ "ಇನ್ನೂ ವಿವರವಾಗಿ ಬರೆ" ಅಂತ ಬರೆದರೆ ಏನೂ ಆಗಲ್ಲ. ಆದರೆ ಹಿಂದಿನ ಬೆಂಚಿನಿಂದ "ಭಜ್ಜಿ ಯಾರ್ ಮಾಡಿದ್ರು?", "ಚರಗ ಯಾರ್ ಚೆಲ್ಲಿದ್ರು?", "ಎತ್ತಿನ ಗಾಡ್ಯಾಗ ಹೋದ್ರೋ, ಟ್ರ್ಯಾಕ್ಟರ್‌ದಾಗೋ?" ಅಂತ ಪ್ರಶ್ನೆ ಬಂದರೆ, ಬರೆದವನಿಗೆ ಉತ್ತರ ಹೇಳದೆ ಇರೋಕೆ ಆಗಲ್ಲ. "ಹೇಳಬೇಡ, ಬರಿ" ಅನ್ನಿ. ಮೂರು ಸಾಲು ಒಂಬತ್ತಾಗುತ್ತೆ. ಸಜ್ಜೆ ರೊಟ್ಟಿ ಬರುತ್ತೆ, ತೊಗರಿ ಹೊಲದ ನಡುವೆ ಓಡಿದ್ದು ಬರುತ್ತೆ, ಮಾಮನ ಟ್ರ್ಯಾಕ್ಟರ್ ಕೆಟ್ಟು ನಿಂತದ್ದೂ ಬರುತ್ತೆ.

ಕಾಗುಣಿತದ ತಪ್ಪು ಒಂದು ಹಾಳೆಗೆ ಒಂದು ಬಗೆಯದನ್ನು ಮಾತ್ರ ತೆಗೆದುಕೊಳ್ಳಿ. ಇವತ್ತು ಒತ್ತಕ್ಷರ ಅಂದರೆ ಬರೀ ಒತ್ತಕ್ಷರ. ಚೆನ್ನಾಗಿ ಬರೆಯುವ ಇಬ್ಬರು ಮೂವರ ಹಾಳೆಯನ್ನೇ ದಿನಾ ತೋರಿಸಿದರೆ ಉಳಿದವರು ಪೆನ್ಸಿಲ್ ಕೆಳಗಿಡುತ್ತಾರೆ. ಸರದಿ ಇರಲಿ.

ಹಂತ 7: ಟೈಪಿಂಗ್, 4ನೇ ತರಗತಿಯಿಂದ

ಕೈಬರಹ ಗಟ್ಟಿಯಾಗುವ ಮೊದಲು ಟೈಪಿಂಗ್ ಬೇಡ. ನಾಲ್ಕರಿಂದ ಶುರು ಮಾಡಬಹುದು. ಆಗ ಒಂದು ತಮಾಷೆಯ ತೊಡಕು ಎದುರಾಗುತ್ತೆ.

"ರೊಟ್ಟಿ" ಬರೆಯುವಾಗ ಮಗುವಿನ ಕೈ ಮೊದಲು ಟಿ ಬರೆದು, ಆಮೇಲೆ ಕೆಳಗೆ ಒತ್ತು ಕೊಡುತ್ತೆ. ಟೈಪ್ ಮಾಡುವಾಗಲೂ ಟ, ಅದಕ್ಕೆ ಗುಡಿಸು, ಆಮೇಲೆ ಒತ್ತು ಅಂತ ಹುಡುಕುತ್ತಾರೆ. "ರೊಟಿಟ" ಅಂತಲೋ ಏನೋ ಬಂದು ಸಿಟ್ಟಾಗುತ್ತಾರೆ. ಕೀಲಿಮಣೆಯ ಕ್ರಮ ಬೇರೆ. ಟ, ಆಮೇಲೆ ಅರ್ಧಾಕ್ಷರದ ಚಿಹ್ನೆ (್), ಮತ್ತೆ ಟ, ಕೊನೆಗೆ ಗುಡಿಸು. "ಸೂರ್ಯ" ಇನ್ನೂ ಮಜಾ. ಕೈಯಲ್ಲಿ ಯ ಬರೆದ ಮೇಲೆ ಅರ್ಕಾವತ್ತು ಬರುತ್ತೆ, ಕೀಲಿಮಣೆಯಲ್ಲಿ ರ ಮೊದಲು, ಯ ಆಮೇಲೆ. ಕೈ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತೆ, ಕೀಲಿಮಣೆ ಕಿವಿಗೆ ಕೇಳುವ ಕ್ರಮದಲ್ಲಿ ಕೇಳುತ್ತೆ. ಇದನ್ನು ಬೋರ್ಡ್ ಮೇಲೆ ಅಕ್ಷರ ಬಿಡಿಸಿ ತೋರಿಸಿ. ಅಕ್ಕ, ಅಜ್ಜ, ರೊಟ್ಟಿ, ಸೂರ್ಯ, ಈ ನಾಲ್ಕು ಪದ ಬಂದರೆ ಉಳಿದದ್ದು ತಾನಾಗೇ ಬರುತ್ತೆ. ಒತ್ತಕ್ಷರ ಅಂದರೆ ಸ್ವರ ಬಿಟ್ಟ ವ್ಯಂಜನಕ್ಕೆ ಇನ್ನೊಂದು ವ್ಯಂಜನ ಸೇರಿದ್ದು ಅಂತ ವ್ಯಾಕರಣ ಹೇಳುವುದನ್ನು ಮಕ್ಕಳು ಇಲ್ಲಿ ಬೆರಳಿನಿಂದಲೇ ಕಲಿಯುತ್ತಾರೆ.

ಕಂಪ್ಯೂಟರ್ ಇದ್ದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ಫಾಂಟುಗಳಲ್ಲಿ ಮಾಡಿದ್ದು ಫೋನಿಗೆ ಕಳಿಸಿದರೆ ಓದೋಕೆ ಬರಲ್ಲ.

ಎಐ ಚಾಟ್ ಆ್ಯಪ್‌ಗೆ ಹೇಳಿದರೆ ಅದೇ ಪ್ರಬಂಧ ಬರೆದು ಕೊಡುತ್ತಲ್ಲ ಅಂತ ಯಾರಾದರೂ ಕೇಳಬಹುದು. ಈ ವಯಸ್ಸಿಗೆ ಬೇಡವೇ ಬೇಡ.

ಹಂತ 8: ಒಂದು ಹಾಳೆಯಲ್ಲಿ ಎಂಟು ಪುಟದ ಪುಸ್ತಕ

ಎ4 ಹಾಳೆಯನ್ನು ಮೂರು ಸಲ ಅರ್ಧ ಅರ್ಧ ಮಡಚಿ ಬಿಚ್ಚಿದರೆ ಎಂಟು ಮನೆ ಆಗುತ್ತವೆ. ಅಗಲಕ್ಕೆ ಅರ್ಧ ಮಡಚಿ, ಮಡಿಕೆಯ ಕಡೆಯಿಂದ ನಡುವಿನ ಗೆರೆಯ ಮೇಲೆ ಒಂದು ಮನೆಯಷ್ಟು ಕತ್ತರಿಸಿ. ಬಿಚ್ಚಿದಾಗ ಹಾಳೆಯ ನಡುವೆ ಸೀಳು ಇರಬೇಕು. ಈಗ ಉದ್ದಕ್ಕೆ ಮಡಚಿ, ಎರಡೂ ತುದಿ ಒಳಕ್ಕೆ ಒತ್ತಿದರೆ ಪುಟ್ಟ ಪುಸ್ತಕ. ಅಂಟು ಬೇಡ, ಪಿನ್ನು ಬೇಡ. ಮಗು ಪುಟಕ್ಕೆ ಒಂದು ಸಾಲು ಬರೆದು ಚಿತ್ರ ಬಿಡಿಸಲಿ. ಬಿಚ್ಚಿದರೆ ಎಲ್ಲವೂ ಹಾಳೆಯ ಒಂದೇ ಬದಿಯಲ್ಲಿ ಇರುವುದರಿಂದ ಒಂದು ಝೆರಾಕ್ಸ್ ತೆಗೆದರೆ ಇನ್ನೊಂದು ಪ್ರತಿ ರೆಡಿ.

ಚಿತ್ರ ಬರೆಯೋಕೆ ಒಲ್ಲೆ ಅನ್ನುವವರಿಗೆ ಸ್ಟೋರಿವೀವರ್ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ. ಕನ್ನಡದಲ್ಲಿ ನೂರಾರು ಮಕ್ಕಳ ಕಥೆಗಳಿವೆ, ಮುಕ್ತ ಪರವಾನಗಿಯ ಚಿತ್ರಗಳೂ ಇವೆ. ಅಲ್ಲಿನ ಚಿತ್ರ ಬಳಸಿದರೆ ಬಿಡಿಸಿದವರ ಹೆಸರು ಹಾಕಬೇಕು. ಕಥೆಯ ಪುಟಗಳಿಂದ ಬರೀ ಚಿತ್ರ ತೋರಿಸಿ, ಮಾತುಗಳನ್ನು ಮಕ್ಕಳೇ ಬರೆದ ಮೇಲೆ ಮೂಲ ಕಥೆ ಓದಿದರೆ, "ನಂದೇ ಛಲೋ ಅದ" ಅನ್ನುವವರು ಸಿಗುತ್ತಾರೆ.

ಹಂತ 9: ಓದುವವರನ್ನು ಹುಡುಕಿ

ಮೇಷ್ಟ್ರು ಒಬ್ಬರೇ ಓದುತ್ತಾರೆ ಅಂದರೆ ಯಾರಿಗೂ ಬರೆಯುವ ಹುಮ್ಮಸ್ಸು ಬರಲ್ಲ. ನಮ್ಮ ಕಡೆ ಓದುಗರು ದೂರದಲ್ಲಿದ್ದಾರೆ. ಯಾದಗಿರಿ, ಕಲಬುರಗಿಯ ಎಷ್ಟೋ ಮಕ್ಕಳ ಅಪ್ಪ ಅಮ್ಮ ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್‌ಗೆ ದುಡಿಯೋಕೆ ಹೋಗಿರುತ್ತಾರೆ. ಮಗು ಅಜ್ಜಿ ಹತ್ತಿರ ಉಳಿದಿರುತ್ತೆ. ಅಪ್ಪನಿಗೆ ನಾಲ್ಕು ಸಾಲು ಬರೆ ಅನ್ನಿ. ಹಾಳೆಯ ಫೋಟೊ, ಜೊತೆಗೆ ಮಗು ಅದನ್ನೇ ಓದಿದ ದನಿ, ಎರಡನ್ನೂ ಅಪ್ಪನ ವಾಟ್ಸಾಪ್‌ಗೆ ಕಳಿಸಿ. ಅಪ್ಪನಿಗೆ ಓದೋಕೆ ಬಾರದಿದ್ದರೂ ಕೇಳುತ್ತಾನೆ. ಉತ್ತರ ದನಿಯಲ್ಲಿ ಬಂದರೆ ಅದನ್ನು ಮಗು ಬರೆದಿಟ್ಟುಕೊಳ್ಳಲಿ. "ಮಳಿ ಆಗ್ಯಾದೇನು? ತೊಗರಿ ಹೂ ಬಿಟ್ಟಾದೇನು?" ಅಂತ ಅಪ್ಪ ಕೇಳಿದರೆ ಮುಂದಿನ ವಾರದ ವಿಷಯ ಸಿಕ್ಕಂತೆ. ಇಲ್ಲಿ ಒಂದು ಎಚ್ಚರ: ಅಪ್ಪ ಅಥವಾ ಅಮ್ಮ ಇಲ್ಲದ ಮಗು ಕ್ಲಾಸಿನಲ್ಲಿ ಇರಬಹುದು. ಯಾರಿಗೆ ಬರೆಯಬೇಕು ಅನ್ನುವುದನ್ನು ಮಗುವೇ ಆರಿಸಲಿ.

ಇನ್ನೊಂದು ಶಾಲೆಯ ಶಿಕ್ಷಕರ ಜೊತೆ ಮಾತಾಡಿಕೊಂಡು ಹಾಳೆಗಳನ್ನು ಅದಲು ಬದಲು ಮಾಡಬಹುದು. ಬೀದರ್ ಮಕ್ಕಳು ಕೋಟೆ ಬಗ್ಗೆ ಬರೆದರೆ ಸುರಪುರದ ಮಕ್ಕಳು ಪ್ರಶ್ನೆ ಕಳಿಸಲಿ. ಉತ್ತರ ಒಂದು ವಾರದೊಳಗೆ ಹೋಗಬೇಕು. ತಡವಾದರೆ ಮಕ್ಕಳಿಗೆ ತಾವು ಏನು ಕೇಳಿದ್ದೆವು ಅನ್ನುವುದೇ ಮರೆತಿರುತ್ತೆ.

ಹಂತ 10: ಫೋಟೊ, ದನಿ, ಹೆಸರು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಕಾಯ್ದೆ ಇರಲಿ ಬಿಡಲಿ, ಮಗುವಿನ ಮುಖ, ಹೆಸರು, ಊರು ಮೂರನ್ನೂ ಸೇರಿಸಿ ಸ್ಟೇಟಸ್‌ಗೆ ಹಾಕುವುದು ಸರಿಯಲ್ಲ. ಪೋಷಕರ ಸಭೆಯಲ್ಲಿ ಏನು ಮಾಡುತ್ತಿದ್ದೀರಿ ಅಂತ ತೋರಿಸಿ, ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಹೊರಗೆ ಹೋಗುವ ಚಿತ್ರದಲ್ಲಿ ಹಾಳೆ ಮಾತ್ರ ಇರಲಿ.

ಪ್ರತಿ ಮಗುವಿಗೂ ಒಂದು ಫೋಲ್ಡರ್ ಮಾಡಿ, ತಿಂಗಳಿಗೆ ಒಂದು ಹಾಳೆಯ ಫೋಟೊ ಅದರಲ್ಲಿ ಉಳಿಸಿ. ಜೂನ್ ತಿಂಗಳದ್ದೂ ಡಿಸೆಂಬರ್ ತಿಂಗಳದ್ದೂ ಪಕ್ಕಪಕ್ಕ ಇಟ್ಟು ಮನೆಯವರಿಗೆ ತೋರಿಸಿದರೆ ಅಂಕಪಟ್ಟಿಗಿಂತ ಚೆನ್ನಾಗಿ ಅರ್ಥ ಆಗುತ್ತೆ. ರೆಕಾರ್ಡಿಂಗ್‌ಗಳನ್ನು ಕೆಲಸ ಮುಗಿದ ವಾರವೇ ಅಳಿಸಿ, ಫೋನಿನ ಜಾಗವೂ ಉಳಿಯುತ್ತೆ. ವರ್ಷದ ಕೊನೆಯಲ್ಲಿ ಹಾಳೆ, ಪುಸ್ತಕಗಳನ್ನು ಮಕ್ಕಳಿಗೇ ಕೊಟ್ಟು, ಫೋನಿನಲ್ಲಿರುವ ಪ್ರತಿಗಳನ್ನು ತೆಗೆದುಹಾಕಿ. ಎಂಟು ಪುಟದ ಪುಸ್ತಕದ ಒಂದೊಂದು ಝೆರಾಕ್ಸ್ ಮಾತ್ರ ಶಾಲೆಯ ಓದುವ ಮೂಲೆಗೆ ಇರಲಿ, ಜೂನ್‌ನಲ್ಲಿ ಬರುವ ಹೊಸ ಎರಡನೇ ತರಗತಿಯವರಿಗೆ ಮೊದಲು ಓದೋಕೆ ಅವೇ ಸಾಕು.